ಹೊಗೆಸೊಪ್ಪು: ಅದರ ಕೇಡೂ ಅದನ್ನು ಬಿಡುವ ದಾರಿಯೂ



ಶ್ರೀರಂಗಪಟ್ಟಣ ತಾಲೂಕಿನ ಅರಕೆರೆಯ ಕಡೆ ನಾಟಿಯ ದಿನಗಳಲ್ಲಾಗಲಿ ಕಬ್ಬು ಕಡಿಯುವ ದಿನಗಳಲ್ಲಾಗಲಿ ಗದ್ದೆಯ ಬದುವಿನ ಮೇಲೆ ಸ್ವಲ್ಪ ಹೊತ್ತು ನಿಂತು ನೋಡಿರಿ. ಆಳುಗಳು ದಣಿವಾರಿಸಿಕೊಳ್ಳುವದಕ್ಕೆ ಕೂತ ಕೂಡಲೆ ಗಂಡಸರ ಜೇಬಿನಿಂದ ಬೀಡಿಯ ಕಟ್ಟೂ, ಹೆಂಗಸರ ಮಡಿಲಿನಿಂದ ಎಲೆಅಡಿಕೆಯ ಚೀಲವೂ ಹೊರಗೆ ಬರುವವು. ಆ ಚೀಲದಲ್ಲಿ ಎಲೆ, ಅಡಿಕೆ, ಸುಣ್ಣಗಳೊಡನೆ ಕಡ್ಡಿಪುಡಿಯೂ ಇರುವದು. ಮದುವೆಯ ಮನೆಯಲ್ಲಿ ಊಟವಾದ ಮೇಲೆ ತಾಂಬೂಲದ ತಟ್ಟೆಯ ಮಗ್ಗುಲಲ್ಲೇ ಬೀಡಿ ಸಿಗರೇಟುಗಳ ತಟ್ಟೆಯೂ ಬರುವದುಂಟು. ಆರಾಧನೆ ಮುಗಿದು ಜನರು ಆಲಯದಿಂದ ಹೊರಗೆ ಬಂದರೋ ಇಲ್ಲವೋ, ಮರದ ಕೆಳಗೆ ನಾಲ್ಕು ಕಡ್ಡಿ ಗೀರಿದ ಸದ್ದು ಕೇಳಿಸುವದು. ಇದನ್ನು ಯಾರೂ ತಪ್ಪೆಂದು ಎಣಿಸುವದಿಲ್ಲ. ಇದೊಂದು ಮರ್ಯಾದೆಯೆಂದೇ ಎಣಿಸುವರು.

ಇನ್ನೊಂದು ನೋಟವನ್ನೂ ನೋಡಿರಿ. ಸಾಯಂಕಾಲ ಮನೆಯ ಯಜಮಾನನು ಜಗಲಿಯ ಮೇಲೆ ಕೂತು ಹತ್ತು ವರುಷದ ಮಗನನ್ನು ಕರೆದು, “ಹೋಗು ಮಗಾ, ಅಂಗಡಿಯಿಂದ ಒಂದು ಕಟ್ಟು ಬೀಡಿ ತಕ್ಕೊಂಡು ಬಾ” ಎಂದು ಕೈಯಲ್ಲಿ ಕಾಸು ಇಡುವನು. ಹುಡುಗನು ಓಡಿಹೋಗಿ ತರುವನು. ತಂದೆಯು ಅದನ್ನು ಹಚ್ಚುವನು. ಮಗನು ನೋಡುತ್ತಾ ನಿಲ್ಲುವನು. ಈ ಪಾಠವೆಲ್ಲಾ ಆ ಹುಡುಗನ ವಿಷಯವಾದದ್ದು. ಅವನು ಕೆಲವು ವರುಷಗಳ ಮೇಲೆ ಏನಾಗುವನೆಂಬದನ್ನು ನೆನಸುತ್ತಾ ಮುಂದಕ್ಕೆ ಓದಿರಿ.

1. ಹೊಗೆಸೊಪ್ಪು ಎಲ್ಲಿಂದ ಬಂತು?

“ಇದು ನಮ್ಮ ಹಿರಿಯರ ಕಾಲದಿಂದ ಬಂದ ಪದ್ಧತಿ” ಎಂದು ಹಲವರು ಹೇಳುವರು. ಇದು ಪೂರಾ ಸತ್ಯವಲ್ಲ. ಈ ಗಿಡವು ನಮ್ಮ ದೇಶದ್ದಲ್ಲ, ಅಮೇರಿಕಾ ಖಂಡದ್ದು. 1492ರಲ್ಲಿ ಯೂರೋಪಿನವರು ಆ ಖಂಡಕ್ಕೆ ಹೋದ ಮೇಲೆಯೇ ಅದು ಬೇರೆ ದೇಶಗಳಿಗೆ ಹರಡಿತು. ಪೋರ್ಚುಗೀಸರ ಹಡಗುಗಳಲ್ಲಿ ಅದು ನಮ್ಮ ಪಶ್ಚಿಮ ಕರಾವಳಿಗೆ ಬಂದು, ಅಲ್ಲಿಂದ ಒಳನಾಡನ್ನು ಸೇರಿತು. ನಮ್ಮ ಕನ್ನಡ ನಾಡಿನ ಬಿಜಾಪುರಕ್ಕೆ ಈ ಕಥೆಯಲ್ಲಿ ದೊಡ್ಡ ಪಾಲುಂಟು. ಸುಮಾರು 1604ರಲ್ಲಿ ಅಕ್ಬರ್ ಬಾದಶಹನ ದೂತನಾದ ಅಸದ್ ಬೇಗನು ಬಿಜಾಪುರದಲ್ಲಿ ಹೊಗೆಸೊಪ್ಪನ್ನು ಕಂಡು, ಅದನ್ನೂ ಅಲಂಕಾರವಾದ ಒಂದು ಸೇದುವ ಕೊಳವೆಯನ್ನೂ ತಕ್ಕೊಂಡು ಹೋಗಿ ಬಾದಶಹನ ಮುಂದೆ ಇಟ್ಟನು. ಅಕ್ಬರನು ಸ್ವಲ್ಪ ಸೇದಿ ನೋಡಿದನು. ಆಗ ಅವನ ವೈದ್ಯನು, ನಮ್ಮ ಗ್ರಂಥಗಳಲ್ಲಿ ಇದರ ಗುಣವೇನೂ ಹೇಳಿಲ್ಲವಾದ ಕಾರಣ ಇದನ್ನು ಸೇದಕೂಡದೆಂದು ತಡೆದನು. ಅಕ್ಬರನು ಆ ಅಭ್ಯಾಸವನ್ನು ಹಿಡಿಯಲಿಲ್ಲ; ಆದರೆ ಅವನ ಆಸ್ಥಾನದವರು ಹಿಡಿದರು, ವರ್ತಕರು ಮಾರತೊಡಗಿದರು. 1617ರಲ್ಲಿ ಅವನ ಮಗನಾದ ಜಹಾಂಗೀರನು ಅದನ್ನು ನಿಷೇಧಿಸಿದರೂ ಜನರು ಬಿಡಲಿಲ್ಲ.

ಇದರಿಂದ ನಾವು ಕಲಿಯುವದೇನಂದರೆ, ಈ ಪದ್ಧತಿಗೆ ನಮ್ಮಲ್ಲಿ ನಾನೂರು ವರುಷಕ್ಕಿಂತ ಬಹಳ ಹೆಚ್ಚು ವಯಸ್ಸಿಲ್ಲ. ರಾಗಿಯೂ ಭತ್ತವೂ ನಮ್ಮ ಹಿರಿಯರವು; ಹೊಗೆಸೊಪ್ಪು ನಡುವೆ ಬಂದ ಪರದೇಶದ ಸರಕು. ನಡುವೆ ಬಂದದ್ದನ್ನು ನಡುವೆಯೇ ಕಳುಹಿಸಿಬಿಡುವದು ಅಸಾಧ್ಯವಲ್ಲ.

2. ಅದು ದೇಹದಲ್ಲಿ ಏನು ಮಾಡುತ್ತದೆ?

ಹೊಗೆಸೊಪ್ಪಿನಲ್ಲಿ ನಿಕೋಟಿನ್ ಎಂಬ ವಿಷವಸ್ತು ಉಂಟು. ಹೊಗೆಯನ್ನು ಒಳಕ್ಕೆ ಎಳೆದರೆ ಸುಮಾರು ಹತ್ತಿಪ್ಪತ್ತು ಕ್ಷಣಗಳೊಳಗೆ ಅದು ಮೆದುಳಿಗೆ ಮುಟ್ಟಿ ಒಂದು ತರದ ಹುರುಪನ್ನು ಕೊಡುವದು. ಆ ಹುರುಪು ಇಳಿದ ಕೂಡಲೆ ಮನಸ್ಸು ಕಳವಳಗೊಂಡು ಮತ್ತೊಂದು ಬೀಡಿಯನ್ನು ಬೇಡುವದು. ಹೀಗೆ ಮನುಷ್ಯನು ಬೀಡಿಯನ್ನು ಸೇದುತ್ತೇನೆಂದು ತಿಳಿದಿರುವಾಗ ಬೀಡಿಯೇ ಅವನನ್ನು ಆಳುವದು.

ಆದರೆ ನಿಕೋಟಿನ್ ಒಂದೇ ಅಲ್ಲ. ಸುಟ್ಟ ಹೊಗೆಸೊಪ್ಪಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚಿನ ರಾಸಾಯನಿಕ ವಸ್ತುಗಳಿವೆ. ಅವುಗಳಲ್ಲಿ ಸುಮಾರು 70 ವಸ್ತುಗಳು ಕ್ಯಾನ್ಸರ್ ಹುಟ್ಟಿಸತಕ್ಕವು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯು ರಕ್ತದಲ್ಲಿ ಸೇರಿ, ಪ್ರಾಣವಾಯುವಿಗೆ ಇರಬೇಕಾದ ಸ್ಥಳವನ್ನು ಹಿಡಿದುಕೊಳ್ಳುವದು. ಆದದರಿಂದ ಹೃದಯವು ಹೆಚ್ಚು ದುಡಿಯಬೇಕಾಗುವದು. ರಕ್ತನಾಳಗಳು ಇಕ್ಕಟ್ಟಾಗುವವು. ಎದೆನೋವು, ಹೃದಯಾಘಾತ, ಲಕ್ವ, ಕಾಲಿನ ಬೆರಳುಗಳು ಕೊಳೆಯುವ ರೋಗ, ತೀರದ ಕೆಮ್ಮು, ಮೇಲುಸಿರು, ಶ್ವಾಸಕೋಶದ ಕ್ಯಾನ್ಸರ್, ಗಂಟಲಿನ ಕ್ಯಾನ್ಸರ್ ಇವೆಲ್ಲಾ ಇದರ ಫಲಗಳು. ಕ್ಷಯರೋಗವು ಸೇದುವವರನ್ನು ಸುಲಭವಾಗಿ ಹಿಡಿಯುವದು. ಹಿಡಿದ ಮೇಲೆ ಅವರನ್ನು ಹೆಚ್ಚಾಗಿ ಕೊಲ್ಲುವದು.

ಇದು ಊಹೆಯ ಮಾತಲ್ಲ. 1950ರಲ್ಲಿ ಇಂಗ್ಲೆಂಡಿನ ಡಾಲ್ ಮತ್ತು ಹಿಲ್ ಎಂಬ ಪಂಡಿತರು ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ಸಂಬಂಧವನ್ನು ತೋರಿಸಿದರು. 1951ರಿಂದ ಅಲ್ಲಿಯ ವೈದ್ಯರನ್ನೇ ಐವತ್ತು ವರುಷಗಳ ವರೆಗೂ ಪರೀಕ್ಷಿಸುತ್ತಾ ಬಂದ ಸಂಶೋಧನೆಯಿಂದ, ಸಿಗರೇಟು ಬಿಡದೆ ಸೇದಿದವರು ಸೇದದವರಿಗಿಂತ ಸರಾಸರಿ 10 ವರುಷ ಮುಂಚೆ ಸಾಯುವರೆಂದು 2004ರಲ್ಲಿ ಪ್ರಕಟವಾಯಿತು. ನಮ್ಮ ದೇಶದಲ್ಲಿಯೂ ಮನೆಮನೆಗೆ ಹೋಗಿ ವಿಚಾರಿಸಿ 2008ರಲ್ಲಿ ಪ್ರಕಟವಾದ ಒಂದು ದೊಡ್ಡ ಸಂಶೋಧನೆಯು, ಬೀಡಿ ಸೇದುವ ಗಂಡಸರು ಸುಮಾರು 6 ವರುಷವನ್ನೂ, ಬೀಡಿ ಸೇದುವ ಹೆಂಗಸರು ಸುಮಾರು 8 ವರುಷವನ್ನೂ, ಸಿಗರೇಟು ಸೇದುವ ಗಂಡಸರು ಸುಮಾರು 10 ವರುಷವನ್ನೂ ಆಯುಷ್ಯದಲ್ಲಿ ಕಳಕೊಳ್ಳುವರೆಂದು ತೋರಿಸಿತು. ಭಾರತದಲ್ಲಿ ವರುಷಕ್ಕೆ 13 ಲಕ್ಷಕ್ಕೂ ಹೆಚ್ಚು ಜನರು ಹೊಗೆಸೊಪ್ಪಿನ ದೆಸೆಯಿಂದ ಸಾಯುವರೆಂದು ವಿಶ್ವ ಆರೋಗ್ಯ ಸಂಸ್ಥೆಯು ಲೆಕ್ಕ ಮಾಡಿದೆ.

3. ಜಗಿಯುವವರಿಗೆ ಕೇಡಿಲ್ಲವೋ?

“ನಾನು ಸೇದುವದಿಲ್ಲ, ಎಲೆಅಡಿಕೆಯೊಡನೆ ಚಿಟಿಕೆ ಕಡ್ಡಿಪುಡಿ ಹಾಕಿಕೊಳ್ಳುತ್ತೇನೆ ಅಷ್ಟೇ” ಎಂದು ಅನೇಕ ತಾಯಂದಿರು ಹೇಳುವರು. ಹೊಗೆ ಇಲ್ಲದ ಮಾತ್ರಕ್ಕೆ ವಿಷ ಇಲ್ಲವೆಂದು ತಿಳಿಯಬಾರದು. ಕಡ್ಡಿಪುಡಿ, ಗುಟ್ಕಾ, ನಸ್ಯ ಇವೆಲ್ಲವುಗಳಲ್ಲಿಯೂ ಕ್ಯಾನ್ಸರ್ ಹುಟ್ಟಿಸುವ ವಸ್ತುಗಳಿವೆ. ದವಡೆಯ ಸಂದಿನಲ್ಲಿ ಅದನ್ನು ಗಂಟೆಗಟ್ಟಲೆ ಇಟ್ಟುಕೊಂಡರೆ ಅದೇ ಸ್ಥಳದಲ್ಲಿ ಹುಣ್ಣು ಏಳುವದು. ಅಡಿಕೆಯು ತಾನೇ ಕ್ಯಾನ್ಸರ್ ತರತಕ್ಕದ್ದೆಂದೂ ಈಗ ಸ್ಥಿರಪಟ್ಟಿದೆ. ಗರ್ಭಿಣಿಯರು ಹೊಗೆಸೊಪ್ಪನ್ನು ಜಗಿದರೂ ಸೇದಿದರೂ ಕೂಸು ತೂಕ ಕಡಮೆಯಾಗಿ ಹುಟ್ಟುವದು. ಕೆಲವು ಸಾರಿ ಸತ್ತು ಹುಟ್ಟುವದೂ ಉಂಟು.

ಈ ಗುರುತುಗಳನ್ನು ಚೆನ್ನಾಗಿ ನೆನಪಿನಲ್ಲಿಡಿರಿ: ಬಾಯೊಳಗೆ ಬಿಳಿಯ ಇಲ್ಲವೆ ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು, ಬಾಯನ್ನು ಮುಂಚಿನಂತೆ ಅಗಲವಾಗಿ ತೆರೆಯಲಾಗದಿರುವದು, ಖಾರ ತಾಕಿದರೆ ಉರಿ. ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮೊದಲಲ್ಲಿಯೇ ಕಂಡ ಬಾಯಿಯ ಕ್ಯಾನ್ಸರನ್ನು ವಾಸಿಮಾಡಬಹುದು. ನಾಚಿಕೆಯಿಂದಲೋ ಭಯದಿಂದಲೋ ಮರೆಮಾಡಿದರೆ ಪ್ರಾಣಕ್ಕೇ ಬರುವದು.

4. ಸೇದದವರ ಗತಿ

ಒಂದೇ ಕೋಣೆಯ ಮನೆಯಲ್ಲಿ ತಂದೆ ಸೇದಿದರೆ ಹೊಗೆಯು ತಂದೆಯ ಎದೆಗೆ ಮಾತ್ರ ಹೋಗುವದಿಲ್ಲ. ತೊಟ್ಟಿಲಲ್ಲಿರುವ ಕೂಸೂ, ಒಲೆಯ ಮುಂದಿರುವ ಹೆಂಡತಿಯೂ, ಮೂಲೆಯಲ್ಲಿ ಮಲಗಿರುವ ಮುದುಕಿಯೂ ಅದನ್ನೇ ಉಸಿರಾಡುವರು. ಅಂಥ ಮನೆಯ ಮಕ್ಕಳಿಗೆ ಕೆಮ್ಮು, ಉಬ್ಬಸ, ನ್ಯುಮೋನಿಯ, ಕಿವಿ ಸೋರುವದು ಹೆಚ್ಚು. ತಾನು ಒಂದು ಬೀಡಿಯನ್ನೂ ಮುಟ್ಟದೆ, ಬೇರೊಬ್ಬರ ಹೊಗೆಯಿಂದಲೇ ಲೋಕದಲ್ಲಿ ವರುಷಕ್ಕೆ 10 ಲಕ್ಷಕ್ಕೂ ಹೆಚ್ಚು ಜನರು ಸಾಯುವರು. ನಮ್ಮ ಸುಖಕ್ಕಾಗಿ ನೆರೆಯವನ ಬಾವಿಗೆ ಕೊಳೆ ಹಾಕುವದು ನ್ಯಾಯವೋ? ಗಾಳಿಯೂ ಎಲ್ಲರ ಬಾವಿಯೇ.

5. ಜನರು ಹೇಳುವ ನೆವಗಳು

ಮೊದಲನೆಯದು: “ಬೀಡಿ ಎಲೆಯದು, ಸಿಗರೇಟಿನಷ್ಟು ಕೆಟ್ಟದ್ದಲ್ಲ.” ಬೀಡಿಯಲ್ಲಿ ಹೊಗೆಸೊಪ್ಪು ಕಡಮೆ ಇರುವದು ನಿಜ. ಆದರೆ ಅದರ ಎಲೆಯು ಬೇಗ ಆರಿಹೋಗುವದರಿಂದ ಸೇದುವವನು ಮೇಲಿಂದ ಮೇಲೆ ಬಲವಾಗಿ ಎಳೆಯಬೇಕು. ಹೀಗೆ ಎಳೆಯುವಾಗ ಸಿಗರೇಟಿನಷ್ಟೇ, ಅಥವಾ ಅದಕ್ಕೂ ಹೆಚ್ಚಾದ ವಿಷವು ಒಳಕ್ಕೆ ಹೋಗುವದು.

ಎರಡನೆಯದು: “ಬೆಳಿಗ್ಗೆ ಒಂದು ಬೀಡಿ ಸೇದದೆ ಹೊಟ್ಟೆ ಸಾಫಾಗುವದಿಲ್ಲ.” ನಿಕೋಟಿನ್ ಕರುಳನ್ನು ಕೆದಕುವದು, ದೇಹವು ಅದಕ್ಕೆ ಒಗ್ಗಿಹೋಗುವದು. ಬಿಟ್ಟ ಕೆಲವು ದಿನ ತೊಂದರೆಯಾದೀತು. ಬೆಳಿಗ್ಗೆ ಎದ್ದು ಬಿಸಿನೀರು ಕುಡಿದು, ಸೊಪ್ಪುತರಕಾರಿ ಹಣ್ಣುಗಳನ್ನು ತಿಂದರೆ ಅದು ಸರಿಹೋಗುವದು.

ಮೂರನೆಯದು: “ನಮ್ಮ ತಾತ ಎಂಭತ್ತು ವರುಷದ ವರೆಗೂ ಸೇದಿದನು, ಏನೂ ಆಗಲಿಲ್ಲ.” ಪ್ರವಾಹದಲ್ಲಿ ಹತ್ತು ಮಂದಿ ಕಾವೇರಿಗೆ ಇಳಿದರೆ ಒಬ್ಬಿಬ್ಬರು ಈಜಿ ದಡ ಸೇರಿಯಾರು. ಅವರನ್ನು ತೋರಿಸಿ ಮಕ್ಕಳನ್ನು ಪ್ರವಾಹಕ್ಕೆ ಇಳಿಸುವ ತಂದೆ ಯಾರು? ಎಂಭತ್ತಾದ ತಾತನು ನಮ್ಮ ಕಣ್ಣಿಗೆ ಬೀಳುವನು; ನಲವತ್ತೈದಕ್ಕೇ ಹೋದವರು ಜಗಲಿಯ ಮೇಲೆ ಕೂತಿರುವದಿಲ್ಲ.

ನಾಲ್ಕನೆಯದು: “ಬಡವನಿಗೆ ಇದೊಂದೇ ಸುಖ.” ಈ ಸುಖದ ಬೆಲೆಯನ್ನು ಎಣಿಸಿ ನೋಡೋಣ. ಒಬ್ಬನು ಬೀಡಿಗೋ ಕಡ್ಡಿಪುಡಿಗೋ ದಿನಕ್ಕೆ 30 ರೂಪಾಯಿ ಹಾಕುವನೆಂದು ಇಟ್ಟುಕೊಳ್ಳಿರಿ. ತಿಂಗಳಿಗೆ 900 ರೂಪಾಯಿ. ವರುಷಕ್ಕೆ 10,950 ರೂಪಾಯಿ. ಇಪ್ಪತ್ತು ವರುಷಕ್ಕೆ 2,19,000 ರೂಪಾಯಿ. ಮಗಳ ಓದು, ಮನೆಯ ಮೇಲ್ಛಾವಣಿ, ಒಂದು ಕರೆಯುವ ಹಸು, ಇವು ಹೊಗೆಯಾಗಿ ಹೋದವು. ರೋಗ ಬಂದ ಮೇಲೆ ಆಗುವ ಆಸ್ಪತ್ರೆಯ ಖರ್ಚನ್ನೂ ತಪ್ಪಿಹೋದ ಕೂಲಿಯನ್ನೂ ಇದರಲ್ಲಿ ಸೇರಿಸಿಲ್ಲ. ಬಡವನ ಸುಖವೆಂದು ಹೇಳುವ ಈ ವಸ್ತುವೇ ಬಡವನನ್ನು ಬಡತನದಲ್ಲಿ ಕಟ್ಟಿಹಾಕುವದು.

6. ಬೆಳೆಯುವವರೂ ಸುತ್ತುವವರೂ

ಇಲ್ಲಿ ಒಂದು ಕಷ್ಟವಾದ ಮಾತನ್ನು ಮರೆಮಾಡದೆ ಹೇಳಬೇಕು. ನಮಗೆ ಬಹಳ ದೂರವಲ್ಲದ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಸೀಮೆಗಳಲ್ಲಿ ಸಾವಿರಾರು ರೈತರು ಸಿಗರೇಟಿನ ಹೊಗೆಸೊಪ್ಪನ್ನು ಬೆಳೆದು, ಬ್ಯಾರನ್‌ಗಳಲ್ಲಿ ಬೇಯಿಸಿ, ತಂಬಾಕು ಮಂಡಳಿಯ ಹರಾಜು ಕಟ್ಟೆಗಳಲ್ಲಿ ಮಾರಿ ಜೀವಿಸುತ್ತಾರೆ. ದಕ್ಷಿಣ ಕನ್ನಡ, ಉಡುಪಿ, ಮೈಸೂರು ಮುಂತಾದ ಕಡೆಗಳಲ್ಲಿ ಎಷ್ಟೋ ಹೆಂಗಸರು ಮನೆಯಲ್ಲಿ ಕೂತು ಬೀಡಿ ಸುತ್ತಿ ಮಕ್ಕಳನ್ನು ಸಾಕಿದ್ದಾರೆ. ಇವರನ್ನು ದೂಷಿಸುವದು ನ್ಯಾಯವಲ್ಲ. ಇವರೂ ಈ ಸೊಪ್ಪಿನಿಂದ ನೋಯುವವರೇ. ಮಂಜಿನಲ್ಲಿ ನೆನೆದ ಸೊಪ್ಪನ್ನು ಮುರಿಯುವ ಕೂಲಿಯವರ ಚರ್ಮದ ಮೂಲಕ ನಿಕೋಟಿನ್ ಒಳಗೆ ಹೋಗಿ ವಾಂತಿ, ತಲೆಸುತ್ತು, ನಿತ್ರಾಣ ಉಂಟಾಗುವದು. ಬ್ಯಾರನ್‌ಗೆ ರಾಶಿ ರಾಶಿ ಸೌದೆ ಬೇಕಾಗಿ ಮರಗಳು ಹೋಗುವವು. ಬೀಡಿ ಸುತ್ತುವವರು ದಿನವೆಲ್ಲಾ ಅದರ ಧೂಳನ್ನು ಉಸಿರಾಡುತ್ತಾ, ಬೆನ್ನು ಬಾಗಿಸಿ ಕೂರುವರು.

ಹೊಗೆಸೊಪ್ಪನ್ನು ಹತೋಟಿಗೆ ತರುವದಕ್ಕಾಗಿ ಲೋಕದ ರಾಜ್ಯಗಳು 2003ರಲ್ಲಿ ಮಾಡಿಕೊಂಡ ಒಡಂಬಡಿಕೆಗೆ ನಮ್ಮ ದೇಶವು 2004ರಲ್ಲಿ ಒಪ್ಪಿಗೆ ಕೊಟ್ಟಿತು. ಅದು 2005ರಲ್ಲಿ ಜಾರಿಗೆ ಬಂತು. ಇಂಥ ಬೆಳೆಗಾರರಿಗೂ ಕೆಲಸಗಾರರಿಗೂ ಬೇರೆ ಜೀವನೋಪಾಯವನ್ನು ಒದಗಿಸಲು ನೆರವಾಗಬೇಕೆಂದು ಆ ಒಡಂಬಡಿಕೆಯಲ್ಲಿಯೇ ಹೇಳಿದೆ. ಅವರಿಗೆ ಬೇರೆ ಅನ್ನದ ದಾರಿ ಸಿಕ್ಕದ ವರೆಗೆ ಕೆಲಸವು ಅರ್ಧವೇ ಆದಂತೆ.

7. ಸರಕಾರದ ಕಟ್ಟಳೆಗಳು

ನಮ್ಮ ರೈತಾಪಿ ಜನರಲ್ಲಿ ಅನೇಕರು ಈ ಕಟ್ಟಳೆಗಳನ್ನು ಕೇಳಿಲ್ಲವಾದದರಿಂದ ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ.

2003ರಲ್ಲಿ ಭಾರತ ಸರಕಾರವು ಸಿಗರೇಟು ಮತ್ತು ಇತರ ತಂಬಾಕು ಪದಾರ್ಥಗಳ ವಿಷಯವಾದ ಕಾಯಿದೆಯನ್ನು ಮಾಡಿತು. 2008ರ ಅಕ್ಟೋಬರ್ 2ರಿಂದ ದೇಶದಲ್ಲೆಲ್ಲಾ ಸಾರ್ವಜನಿಕ ಸ್ಥಳಗಳಲ್ಲಿ ಸೇದುವದನ್ನು ತಡೆಯುವ ನಿಯಮಗಳು ಬಿಗಿಯಾದವು. 2013ರ ಮೇ ತಿಂಗಳಲ್ಲಿ ಕರ್ನಾಟಕದಲ್ಲಿ ಗುಟ್ಕಾ ಮಾರುವದು ನಿಷೇಧವಾಯಿತು. 2016ರ ಏಪ್ರಿಲ್‌ನಿಂದ ಪೊಟ್ಟಣದ ಮುಖಗಳಲ್ಲಿ ಶೇಕಡ 85 ಭಾಗ ಚಿತ್ರಸಹಿತವಾದ ಎಚ್ಚರಿಕೆ ಇರಬೇಕೆಂದಾಯಿತು; ಓದು ಬಾರದವರಿಗೂ ಅಪಾಯ ತಿಳಿಯಲೆಂಬದೇ ಇದರ ಉದ್ದೇಶ. 2019ರಲ್ಲಿ ವಿದ್ಯುತ್ ಸಿಗರೇಟುಗಳು ದೇಶದಲ್ಲೆಲ್ಲಾ ನಿಷೇಧವಾದವು.

ಇವೆಲ್ಲವುಗಳಿಗಿಂತ ಹೊಸದು ನಮ್ಮ ರಾಜ್ಯದ ತಿದ್ದುಪಡಿ ಕಾಯಿದೆ. ಅದಕ್ಕೆ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಗೀಕಾರ ದೊರೆಯಿತು. ಅದರ ಪ್ರಕಾರ ಕರ್ನಾಟಕದಲ್ಲಿ 21 ವರುಷ ತುಂಬದವರಿಗೆ ಹೊಗೆಸೊಪ್ಪಿನ ಪದಾರ್ಥಗಳನ್ನು ಮಾರಕೂಡದು. ಮುಂಚೆ ಈ ಮಿತಿ 18 ಆಗಿತ್ತು. ಪಾಠಶಾಲೆಯಿಂದ 100 ಮೀಟರಿನೊಳಗೆ ಮಾರಕೂಡದು. ಸಾರ್ವಜನಿಕ ಸ್ಥಳದಲ್ಲಿ ಸೇದಿದವನಿಗೆ ಹಾಕುವ ದಂಡವು 200 ರೂಪಾಯಿಯಿಂದ 1,000 ರೂಪಾಯಿಗೆ ಏರಿತು. ಹುಕ್ಕಾ ಮಳಿಗೆಗಳನ್ನು ನಡಿಸುವದು ಅಪರಾಧವಾಯಿತು. ಇದಲ್ಲದೆ ಮಕ್ಕಳ ರಕ್ಷಣೆಗಾಗಿ 2015ರಲ್ಲಿ ಆದ ಬಾಲನ್ಯಾಯ ಕಾಯಿದೆಯ ಪ್ರಕಾರ ಮಗುವಿನ ಕೈಗೆ ಹೊಗೆಸೊಪ್ಪನ್ನು ಕೊಟ್ಟವನಿಗೆ 7 ವರುಷದ ವರೆಗೆ ಸೆರೆಯೂ ಒಂದು ಲಕ್ಷ ರೂಪಾಯಿಯ ವರೆಗೆ ದಂಡವೂ ಆಗಬಹುದು.

ಈಗ ಜಗಲಿಯ ಮೇಲಿನ ಆ ತಂದೆಯನ್ನು ನೆನಸಿರಿ. ಮಗನ ಕೈಯಲ್ಲಿ ಕಾಸು ಕೊಟ್ಟು ಅಂಗಡಿಗೆ ಕಳುಹಿಸಿದಾಗ ಅವನು ಅಂಗಡಿಯವನನ್ನು ಅಪರಾಧಕ್ಕೆ ಎಳೆಯುತ್ತಾನೆ. ಮಗನಿಗೆ ಅಂಗಡಿಯ ದಾರಿಯನ್ನು ತಾನೇ ಕಲಿಸಿಕೊಡುತ್ತಾನೆ.

ಈ ಪ್ರಯತ್ನಗಳೆಲ್ಲಾ ವ್ಯರ್ಥವೆಂದು ಯಾರೂ ಹೇಳಬಾರದು. 2009–10ರ ಸಮೀಕ್ಷೆಯಲ್ಲಿ ಕರ್ನಾಟಕದ ಪ್ರಾಯದವರಲ್ಲಿ ಶೇಕಡ 28.2 ಮಂದಿ ಹೊಗೆಸೊಪ್ಪನ್ನು ಉಪಯೋಗಿಸುತ್ತಿದ್ದರು. 2016–17ರಲ್ಲಿ ಅದು ಶೇಕಡ 22.8ಕ್ಕೆ ಇಳಿಯಿತು. ಆದರೂ ನಾಲ್ಕೈದು ಮಂದಿಯಲ್ಲಿ ಒಬ್ಬರು ಉಳಿದಿದ್ದರು. ಸೇದುವವರಿಗಿಂತ ಜಗಿಯುವವರೇ ಹೆಚ್ಚೆಂದೂ ಆ ಸಮೀಕ್ಷೆಯಿಂದ ತಿಳಿದುಬಂತು.

8. ಬಿಡುವ ದಾರಿ

ಬಿಡುವದು ಕಷ್ಟ, ಆದರೆ ಸಾಧ್ಯ. ಬಿಟ್ಟವನಿಗೆ ದೇಹವು ಬೇಗನೆ ಪ್ರತಿಫಲ ಕೊಡುವದು. 20 ನಿಮಿಷದೊಳಗೆ ನಾಡಿಯ ಬಡಿತವು ಇಳಿಯುವದು. ಒಂದು ದಿನ ಕಳೆಯುವಷ್ಟರಲ್ಲಿ ರಕ್ತದಲ್ಲಿದ್ದ ವಿಷವಾಯು ಹೋಗುವದು. ಕೆಲವು ತಿಂಗಳಲ್ಲಿ ಕೆಮ್ಮೂ ಏದುಸಿರೂ ಕಡಮೆಯಾಗುವವು. ಒಂದು ವರುಷದಲ್ಲಿ ಹೃದಯರೋಗದ ಅಪಾಯವು ಸುಮಾರು ಅರ್ಧಕ್ಕೆ ಇಳಿಯುವದು. ಇಂಗ್ಲೆಂಡಿನ ವೈದ್ಯರ ಮೇಲೆ ನಡೆದ ಅದೇ ಸಂಶೋಧನೆಯ ಪ್ರಕಾರ 40ನೆಯ ವಯಸ್ಸಿನಲ್ಲಿ ಬಿಟ್ಟವನು ಸುಮಾರು 9 ವರುಷ, 50ರಲ್ಲಿ ಬಿಟ್ಟವನು ಸುಮಾರು 6 ವರುಷ, 60ರಲ್ಲಿ ಬಿಟ್ಟವನು ಸುಮಾರು 3 ವರುಷ ಆಯುಷ್ಯವನ್ನು ಮರಳಿ ಪಡೆಯುವನು. ಆದದರಿಂದ “ನನಗೆ ವಯಸ್ಸಾಯಿತು, ಇನ್ನೇನು” ಎಂದು ಯಾರೂ ಅನ್ನಬಾರದು.

ಬಿಡಬೇಕೆನ್ನುವವನು ಹೀಗೆ ಮಾಡಲಿ. ಒಂದು ದಿನವನ್ನು ಗೊತ್ತುಮಾಡಿಕೊಂಡು ಅದನ್ನು ಹೆಂಡತಿ ಮಕ್ಕಳಿಗೂ ಸ್ನೇಹಿತರಿಗೂ ತಿಳಿಸಲಿ. ಹಿಂದಿನ ರಾತ್ರಿಯೇ ಮನೆಯಲ್ಲಿರುವ ಬೀಡಿ, ಕಡ್ಡಿಪುಡಿಗಳನ್ನೆಲ್ಲಾ ಹೊರಗೆ ಹಾಕಲಿ. ಆಶೆ ಹುಟ್ಟಿದಾಗ ಕೂಡಲೆ ಸೋಲದೆ ಸ್ವಲ್ಪ ತಡಮಾಡಲಿ. ಆ ಆಶೆಯು ಕೆಲವು ನಿಮಿಷಗಳಲ್ಲಿ ತಾನೇ ಇಳಿಯುವದು. ಆ ಹೊತ್ತಿನಲ್ಲಿ ದೀರ್ಘವಾಗಿ ಉಸಿರೆಳೆಯಲಿ, ನೀರು ಕುಡಿಯಲಿ, ಕೈಗೊಂದು ಕೆಲಸ ಕೊಡಲಿ. ಬಾಯಿಗೆ ಏಲಕ್ಕಿ, ಸೋಂಪು ಮುಂತಾದದ್ದನ್ನು ಹಾಕಿಕೊಳ್ಳಲಿ. ಮೊದಲನೆಯ ಎರಡು ಮೂರು ವಾರ ಕೋಪ, ತಲೆನೋವು, ನಿದ್ರೆ ಬಾರದಿರುವದು ಉಂಟಾಗಬಹುದು. ಮನೆಯವರು ಇದನ್ನು ತಿಳಿದು ತಾಳ್ಮೆಯಿಂದಿರಲಿ. ಒಂದು ಸಾರಿ ಜಾರಿ ಬಿದ್ದರೆ ಎಲ್ಲಾ ಹೋಯಿತೆಂದು ತಿಳಿಯದೆ ಮತ್ತೆ ಏಳಲಿ. ಬಿಟ್ಟವರಲ್ಲಿ ಅನೇಕರು ಹಲವು ಸಾರಿ ಪ್ರಯತ್ನಿಸಿದವರೇ.

ಒಬ್ಬನೇ ಹೋರಾಡಬೇಕಾದ ಅಗತ್ಯವೂ ಇಲ್ಲ. 1800-11-2356 ಎಂಬ ಸಂಖ್ಯೆಗೆ ಟೆಲಿಫೋನ್ ಮಾಡಿದರೆ ಹಣ ಕೊಡದೆ ಸಲಹೆಯನ್ನು ಪಡೆಯಬಹುದು. ಈ ಸಂಖ್ಯೆಯನ್ನು ಪೊಟ್ಟಣಗಳ ಮೇಲೆಯೂ ಅಚ್ಚುಹಾಕಿರುವರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಬಿಡಿಸುವ ಚಿಕಿತ್ಸೆ ಉಂಟು. ನಿಮ್ಮ ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿಯೂ ವೈದ್ಯರನ್ನು ಕೇಳಿರಿ. ನಿಕೋಟಿನ್ ಇರುವ ಜಗಿಯುವ ಔಷಧವನ್ನು ಅವರು ಹೇಳಿದ ಪ್ರಕಾರ ಉಪಯೋಗಿಸಿದರೆ ಕಳವಳವು ಕಡಮೆಯಾಗುವದು.

9. ಊರಿನವರು ಕೂಡಿ ಮಾಡತಕ್ಕದ್ದು

ನಮ್ಮ ರಾಜ್ಯದ ಕೆಲವು ಊರುಗಳಲ್ಲಿ ಪಾಠಶಾಲೆಯ ಮಕ್ಕಳು ಬೀದಿಗೆ ಬಂದು, ಸೇದುವವರಿಗೂ ಅಂಗಡಿಯವರಿಗೂ ಗುಲಾಬಿ ಹೂವನ್ನು ಕೊಟ್ಟು, ಬಿಟ್ಟುಬಿಡಿರೆಂದು ಬೇಡಿಕೊಳ್ಳುವರು. ಇದನ್ನು ಗುಲಾಬಿ ಆಂದೋಲನವೆಂದು ಕರೆಯುವರು. ಬೈದರೆ ಮುದುಕನು ತಿರುಗಿ ಬೈಯುವನು. ಹೂವನ್ನು ಕೊಟ್ಟ ಮಗುವಿಗೆ ಏನು ಹೇಳುವನು? ನಮ್ಮ ನಡತೆಯೂ ಹೀಗೆಯೇ ಇರಲಿ. ಸೇದುವವನನ್ನು ಹೀನೈಸದಿರಿ, ಅವನು ಕಟ್ಟಿಗೆ ಸಿಕ್ಕಿದವನು, ಬಿಡಿಸಿಕೊಳ್ಳಲು ನೆರವು ಬೇಕಾದವನು.

ಇನ್ನು ಹಣ ಖರ್ಚಿಲ್ಲದೆ ಈ ತಿಂಗಳಿನಿಂದಲೇ ಮಾಡಬಹುದಾದ ನಾಲ್ಕು ಕೆಲಸಗಳಿವೆ. ಮದುವೆಯ ಮನೆಯಲ್ಲಿ ಬೀಡಿ ಸಿಗರೇಟಿನ ತಟ್ಟೆಯನ್ನು ಇಡದಿರೋಣ. ಬಾಳೆಹಣ್ಣಿನಿಂದ ಮರ್ಯಾದೆ ಕಡಮೆಯಾಗದು. ಆಳುಗಳಿಗೆ ಕೂಲಿಯ ಮೇಲೆ ಬೀಡಿ ಕೊಡುವ ಬದಲಾಗಿ ಮಜ್ಜಿಗೆಯನ್ನೋ ಬೆಲ್ಲವನ್ನೋ ಕೊಡೋಣ. ಆಲಯದ ಅಂಗಳದಲ್ಲಿಯೂ ಪಾಠಶಾಲೆಯ ಮುಂದೆಯೂ ಹೊಗೆ ಕಾಣದಿರಲಿ. ಮನೆಯೊಳಗೆ ಯಾರೂ ಸೇದದಿರಲಿ.

ಇವೆಲ್ಲವುಗಳಿಗೂ ಮುಂಚಿತವಾದ ಒಂದು ಕೆಲಸ ಉಂಟು. ಈ ಸಾಯಂಕಾಲ ಜಗಲಿಯ ಮೇಲೆ ಕೂತು ಮಗನನ್ನು ಕರೆದಾಗ, ಅವನನ್ನು ಅಂಗಡಿಗೆ ಕಳುಹಿಸದೆ ಹತ್ತಿರ ಕೂಡಿಸಿಕೊಳ್ಳಿರಿ. “ಮಗಾ, ನಾನು ಇದಕ್ಕೆ ಸಿಕ್ಕಿಬಿದ್ದೆ; ನೀನು ಬೀಳಬೇಡ” ಎಂದು ಹೇಳಿರಿ. ಹೀಗೆ ಹೇಳುವದಕ್ಕೆ ತಂದೆಗೆ ನಾಚಿಕೆಯಾದೀತು. ಆದರೆ ಮಗನು ಆ ಮಾತನ್ನು ತಂದೆ ಹೋದ ಮೇಲೂ ಮರೆಯನು.

ಪಾಠದ ಪ್ರಶ್ನೆಗಳು

1. ಹೊಗೆಸೊಪ್ಪು ನಮ್ಮ ದೇಶದ ಗಿಡವಲ್ಲವೆಂದು ಹೇಗೆ ತೋರಿಸುವಿರಿ?
2. ಬೀಡಿಯು ಸಿಗರೇಟಿಗಿಂತ ಕಡಮೆ ಕೇಡಿನದೆಂಬ ಮಾತು ಯಾಕೆ ಸುಳ್ಳು?
3. ಬಾಯಿಯ ಕ್ಯಾನ್ಸರಿನ ಗುರುತುಗಳು ಯಾವವು? ಅವು ಕಂಡರೆ ಏನು ಮಾಡಬೇಕು?
4. ಕರ್ನಾಟಕದಲ್ಲಿ ಎಷ್ಟು ವಯಸ್ಸಿನ ಒಳಗಿನವರಿಗೆ ಹೊಗೆಸೊಪ್ಪನ್ನು ಮಾರಕೂಡದು?
5. ನಿಮ್ಮ ಮನೆಯಲ್ಲಿ ಹೊಗೆಸೊಪ್ಪಿಗೆ ಒಂದು ವರುಷದಲ್ಲಿ ಹೋಗುವ ಹಣವೆಷ್ಟು? ಮನೆಯವರೆಲ್ಲರೂ ಕೂತು ಲೆಕ್ಕ ಹಾಕಿರಿ.